ರೋಟರ್ ಜೇಬಿಗಿಟ್ಟುಕೊಂಡವರು

ನನ್ನ ಕಾರಿನಲ್ಲಿ ಕೀ ತೂರಿಸುವ ತೂತೇ ಇಲ್ಲ. ಕೀ ಬ್ಯಾಗಿನಲ್ಲಿದ್ದರೆ ಸಾಕು, ಬ್ರೇಕ್ ತುಳಿದು ಗುಂಡಿ ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಕಾರು ಮನೆಗೆ ತಂದ ದಿನ ಇದನ್ನು ಅಬ್ಬಾಗೆ ತೋರಿಸಿದಾಗ ಅವರು ಗುಂಡಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಇದೇನಮ್ಮಾ, ಕಾಲಿಂಗ್ ಬೆಲ್ಲಾ?" ಅಂದರು. ಐವತ್ತರ ಹತ್ತಿರ ಡ್ರೈವಿಂಗ್ ಕಲಿತು, ಸ್ವಂತ ಸಂಬಳದಲ್ಲಿ ಕಾರು ತಂದ ಮಗಳಿಗೆ ಅಪ್ಪ ಆಡುವ ಮಾತೇ ಇದು? ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ನನ್ನ ಸಿಡುಕು ಅವರಿಂದಲೇ ಬಂದದ್ದಾದ್ದರಿಂದ ಅವರು ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅಬ್ಬಾ ಗುಬ್ಬಿ ಬಸ್ ಸ್ಟ್ಯಾಂಡಿನ ಪಕ್ಕದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಓಡಿಸುತ್ತಿದ್ದವರು. ಈಗ ಎಂಬತ್ತು ದಾಟಿದೆ, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನ ಜೊತೆ ಇದ್ದಾರೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮನೆಯಲ್ಲಿ ನಮ್ಮದು ಉರ್ದು. ಆದರೆ ಗಾಡಿಯ ವಿಷಯ ಬಂದರೆ ಅಬ್ಬಾನ ಬಾಯಲ್ಲಿ ಸ್ಟ್ಯಾಂಡಿನ ಕನ್ನಡವೇ. ಪ್ಲಗ್ಗು, ಪಾಯಿಂಟು, ಬೈಗುಳ ಎಲ್ಲವನ್ನೂ ಅವರು ಕಲಿತದ್ದು ಆ ಭಾಷೆಯಲ್ಲಿ. ನಾನು ಕನ್ನಡ ಟೀಚರ್ ಆಗಿದ್ದಕ್ಕೆ ಅರ್ಧ ಕಾರಣ ಆ ಸ್ಟ್ಯಾಂಡೇ ಎಂದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ. ನಗಲಿ ಬಿಡಿ.

ಅವತ್ತು ನಾವು ಕುಣಿಗಲ್‌ಗೆ ಹೋಗಬೇಕಿತ್ತು. ಅಬ್ಬಾನ ಜೊತೆ ಪಾಲಿಗೆ ಆ ಅಂಬಾಸಿಡರ್ ಇಟ್ಟುಕೊಂಡಿದ್ದ ಗೆಳೆಯರೊಬ್ಬರು ಅಲ್ಲಿದ್ದಾರೆ. ನಾನು ಅವರನ್ನು ಚಾಚಾ ಎಂದೇ ಕರೆಯುತ್ತಾ ಬೆಳೆದವಳು. ಅಬ್ಬಾಗೂ ಅವರಿಗೂ ಮೂವತ್ತು ಚಿಲ್ಲರೆ ವರ್ಷದಿಂದ ಮಾತಿಲ್ಲ. ಆ ಚಾಚಾ ಹಜ್‌ಗೆ ಹೊರಟಿದ್ದರು. ಹಜ್‌ಗೆ ಹೋಗುವವರು ಹೊರಡುವ ಮೊದಲು ನಂಟರು, ಗೆಳೆಯರು, ಜಗಳವಾಡಿದವರು ಎಲ್ಲರ ಹತ್ತಿರ ಹೋಗಿ, ಅಂದದ್ದು ಆಡಿದ್ದನ್ನೆಲ್ಲ ಮಾಫ್ ಮಾಡಿ ಎಂದು ಕೇಳಿಕೊಳ್ಳುವುದು ನಮ್ಮಲ್ಲಿ ರೂಢಿ. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಮನ್ನಿಸಬೇಕು, ದೇವರು ಕೂಡ ಅವನ ಪರವಾಗಿ ಮನ್ನಿಸುವುದಿಲ್ಲ ಎನ್ನುತ್ತಾರೆ ದೊಡ್ಡವರು. ಚಾಚಾಗೆ ಮಂಡಿ ನೋವು, ತುಮಕೂರಿಗೆ ಬಂದು ಮೆಟ್ಟಿಲು ಹತ್ತಲಾಗದು. ಮೂರು ಸಲ ನನಗೆ ಫೋನ್ ಮಾಡಿದ್ದರು. "ನಿಮ್ಮಪ್ಪನ್ನ ಒಂದ್ ಸಲ ಕರ್ಕೊಂಡ್ ಬಾರಮ್ಮಾ, ಇಷ್ಟು ಹೊತ್ಕೊಂಡು ಹ್ಯಾಗಮ್ಮಾ ಅಲ್ಲಿಗೆ ಹೋಗ್ಲಿ?" ಎಂದು ಮೂರನೆಯ ಸಲ ಅತ್ತೇಬಿಟ್ಟರು.

ಅಬ್ಬಾ ಮೂರು ಸಲವೂ ಆಗಲ್ಲ ಎಂದರು. ಚಾಚಾ ಹೊರಡುವ ದಿನ ಬೆಳಿಗ್ಗೆ ಮಾತ್ರ ಅಬ್ಬಾ ಫಜರ್ ನಮಾಜ್ ಮುಗಿಸಿ ಬಂದವರೇ, "ಇಸ್ತ್ರಿ ಮಾಡಿದ ಜುಬ್ಬಾ ಇದ್ರೆ ಕೊಡು, ಹೋಗ್ ಬರೋಣ" ಅಂದರು. ನನಗೆ ನಂಬಲಾಗಲಿಲ್ಲ. ಸ್ಕೂಲಿಗೆ ರಜೆ ಹೇಳಿದೆ. ಚಾಚಾ ಜೋಹರ್ ನಮಾಜ್ ಆದ ಕೂಡಲೇ, ಅಂದರೆ ಮಧ್ಯಾಹ್ನ ಎರಡಕ್ಕೆಲ್ಲ ಬೆಂಗಳೂರಿಗೆ ಹೊರಡುವವರಿದ್ದರು. ಶೆಟ್ಟಿಹಳ್ಳಿಯಿಂದ ಕುಣಿಗಲ್‌ಗೆ ಒಂದು ಗಂಟೆಯ ದಾರಿ. ಹತ್ತೂವರೆಗೆ ಹೊರಟರೆ ಆರಾಮಾಗಿ ತಲುಪಿ, ಇಬ್ಬರನ್ನೂ ಕೂರಿಸಿ ಚಹಾ ಕುಡಿಸಿ ಬರಬಹುದು ಎಂದುಕೊಂಡೆ.

ಬ್ರೇಕ್ ತುಳಿದು ಗುಂಡಿ ಒತ್ತಿದೆ. ಮುಂದಿನ ಲೈಟುಗಳೆಲ್ಲ ಹತ್ತಿಕೊಂಡವು, ಪರದೆ ಬೆಳಗಿತು, ಎಂಜಿನ್ ಮಾತ್ರ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದೆ. ಟಿಕ್ ಅನ್ನೋ ಸದ್ದೂ ಇಲ್ಲ. ನಾನು ಹೊಸ ಡ್ರೈವರ್, ಆದರೆ ಪುಸ್ತಕ ಓದುವವಳು. ಡ್ಯಾಶ್‌ಬೋರ್ಡಿನ ಕೆಳಗಿದ್ದ ಮ್ಯಾನುಯಲ್ ತೆಗೆದೆ. ಬ್ರೇಕನ್ನು ಇನ್ನೂ ಗಟ್ಟಿಯಾಗಿ ತುಳಿಯಿರಿ ಎಂದಿತ್ತು, ಎರಡೂ ಕಾಲಲ್ಲಿ ತುಳಿದೆ. ಗೇರ್ ಪಾರ್ಕಿಂಗ್‌ನಲ್ಲಿದೆಯೇ ನೋಡಿ ಎಂದಿತ್ತು, ಇತ್ತು. ನ್ಯೂಟ್ರಲ್‌ಗೆ ಹಾಕಿ ಒತ್ತಿದೆ. ಕೀಲಿಯ ಸೆಲ್ ಹೋಗಿರಬಹುದು, ಕೀಯನ್ನೇ ಗುಂಡಿಗೆ ತಾಗಿಸಿ ಹಿಡಿಯಿರಿ ಎಂದಿತ್ತು. ಹಾಗೂ ಹಿಡಿದೆ. ಮೂಲೆ ಅಂಗಡಿಗೆ ಓಡಿ ಹೊಸ ಸೆಲ್ ತಂದು ಹಾಕಿದ್ದೂ ಆಯಿತು. ಹೊಸ ಸೆಲ್ಲಿಗೂ ಅದೇ ಮರ್ಯಾದೆ.

ಅಬ್ಬಾ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದರು. ಹೊಸ ಬಿಳಿ ಜುಬ್ಬಾ, ಟೋಪಿ, ಕಿವಿಗೆ ಅತ್ತರಿನ ಹತ್ತಿ. ಸ್ವಲ್ಪ ಹೊತ್ತು ನೋಡಿ ತಾವೇ ಇಳಿದರು. "ಬಾನೆಟ್ ಎತ್ತು" ಅಂದರು. ಬ್ಯಾಟರಿಯ ಟರ್ಮಿನಲ್ ಹಿಡಿದು ಅಲ್ಲಾಡಿಸಿದರು, ಬಿಗಿಯಾಗಿತ್ತು. "ಬ್ಯಾಟ್ರಿ ಚೆನ್ನಾಗೈತೆ. ಹಾರ್ನ್ ಹೊಡಿ" ಅಂದರು. ಹೊಡೆದೆ. ಇಡೀ ಬೀದಿಗೆ ಕೇಳಿತು. ಎದುರು ಮನೆಯ ಬ್ಯಾಂಕಿನವರು ಹೊರಗೆ ಬಂದರು, ಅವರ ಹಿಂದೆ ಇನ್ನಿಬ್ಬರು. "ತಳ್ಳೋಣ್ವಾ ಮೇಡಂ?" ಎಂದು ಪಂಚೆ ಎತ್ತಿಕಟ್ಟಿಯೇಬಿಟ್ಟರು. ಇದು ಆಟೋಮ್ಯಾಟಿಕ್ ಗೇರಿನ ಗಾಡಿ, ತಳ್ಳಿದರೆ ಸ್ಟಾರ್ಟ್ ಆಗಲ್ಲ ಎಂದು ನಾನು ಹೇಳಬೇಕಾಯಿತು.

"ತಳ್ಳಿದ್ರೂ ಆಗಲ್ವಾ?" ಎಂದು ಅಬ್ಬಾ ನನ್ನನ್ನೇ ನೋಡಿದರು. "ಏನ್ ಗಾಡಿಯಮ್ಮಾ ಇದು!"

ಅವರ ಆಶ್ಚರ್ಯ ನನಗೆ ಅರ್ಥವಾಗುತ್ತಿತ್ತು. ಗುಬ್ಬಿಯಲ್ಲಿ ಚಳಿಗಾಲದ ಬೆಳಿಗ್ಗೆ ನಮ್ಮ ಅಂಬಾಸಿಡರ್ ಒಂದು ದಿನವೂ ತಾನಾಗಿ ಎದ್ದದ್ದಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಬೇಕು, ಇಲ್ಲವೇ ತಳ್ಳಬೇಕು. ಅಬ್ಬಾ ಸ್ಟೇರಿಂಗ್ ಹಿಡಿದರೆ ಹಿಂದಿನಿಂದ ಚಾಚಾ, ಹೂವಿನವರು, ಬಸ್ಸಿಗೆ ಕಾದವರು, ಸ್ಕೂಲ್ ಬ್ಯಾಗ್ ಹಾಕಿಕೊಂಡ ನಾನು, ಎಲ್ಲರೂ ಕೈ ಹಾಕುತ್ತಿದ್ದೆವು. ಎಂಜಿನ್ ಡಬ್ ಡಬ್ ಎಂದು ಹತ್ತಿಕೊಂಡಾಗ ಬರುತ್ತಿದ್ದ ಪೆಟ್ರೋಲ್ ವಾಸನೆ ನನಗೆ ಇವತ್ತಿಗೂ ಇಷ್ಟ. ತಳ್ಳಿದವರಿಗೆಲ್ಲ ಟೀ ಅಂಗಡಿಯಲ್ಲಿ ಅರ್ಧರ್ಧ ಲೋಟ ಚಹಾ, ನನಗೊಂದು ಬನ್ನು. ಆ ಬನ್ನಿನ ಆಸೆಗೆ ಗಾಡಿ ಸ್ಟಾರ್ಟ್ ಆಗದಿರಲಿ ಎಂದು ದುವಾ ಮಾಡುತ್ತಿದ್ದವಳು ನಾನು.

ಅಂಥಾ ಗಾಡಿ ಅವರಿಬ್ಬರ ನಡುವೆ ಹಾಳಾಗಿದ್ದು ಒಂದು ರೋಟರ್‌ನಿಂದ. ಅಂಬಾಸಿಡರ್ ಎಂಜಿನ್ನಿನಲ್ಲಿ ಪ್ಲಗ್ಗಿಗೆ ಕಿಡಿ ಹಂಚುವ ಒಂದು ಕಪ್ಪು ಡಬ್ಬಿ ಇತ್ತು. ಅದರೊಳಗೆ ತಿರುಗುವ ಹೆಬ್ಬೆರಳಿನಷ್ಟು ತುಂಡೇ ರೋಟರ್. ನಮ್ಮ ಗಾಡಿಯ ಬಾಗಿಲು ಚಮಚ ತೂರಿಸಿದರೂ ತೆಗೆದುಕೊಳ್ಳುತ್ತಿತ್ತು, ಹಾಗಾಗಿ ಕಳ್ಳರ ಭಯಕ್ಕೆ ಆ ಕಾಲದ ಡ್ರೈವರ್‌ಗಳು ಗಾಡಿ ನಿಲ್ಲಿಸಿದ ಮೇಲೆ ರೋಟರ್ ಕಿತ್ತುಕೊಂಡು ಹೋಗುತ್ತಿದ್ದರು. ಅದಿಲ್ಲದೆ ಯಾವ ಶೂರ ಬಂದರೂ ಗಾಡಿ ಎಬ್ಬಿಸಲಾರ. ಅಬ್ಬಾ, ಚಾಚಾ ಇಬ್ಬರದೂ ದಿನ ಬಿಟ್ಟು ದಿನ ಪಾಳಿ. ಸಂಜೆ ಗಾಡಿ ತಂದವರು ರೋಟರನ್ನು ಟೀ ಅಂಗಡಿಯ ಗೂಡಿನಲ್ಲಿ, ಚಹಾಪುಡಿ ಡಬ್ಬಿಯ ಹಿಂದೆ ಇಡಬೇಕು. ಬೆಳಿಗ್ಗೆ ಬಂದವರು ಅಲ್ಲಿಂದ ತೆಗೆದು ಹಾಕಿಕೊಳ್ಳಬೇಕು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಅವತ್ತು ಅಬ್ಬಾನ ಪಾಳಿ, ದೇವರಾಯನದುರ್ಗಕ್ಕೊಂದು ಮದುವೆ ಟ್ರಿಪ್ ಒಪ್ಪಿಕೊಂಡಿದ್ದರು. ಬೆಳಿಗ್ಗೆ ಟೀ ಅಂಗಡಿಯ ಫೋನಿಗೆ ಕುಣಿಗಲ್‌ನಿಂದ ಸುದ್ದಿ ಬಂತು. ದಾದಿಗೆ, ಅಂದರೆ ಅಬ್ಬಾನ ಅಮ್ಮನಿಗೆ ತೀರಾ ಜೋರಾಗಿದೆ, ಮಗನನ್ನೇ ಕೇಳುತ್ತಿದ್ದಾರೆ, ಬೇಗ ಬನ್ನಿ ಎಂದು. ಅಬ್ಬಾ ಓಡಿಹೋಗಿ ಡಬ್ಬಿಯ ಹಿಂದೆ ಕೈ ಹಾಕಿದರೆ ರೋಟರ್ ಇಲ್ಲ. ಚಾಚಾ ಮೊದಲ ಬಸ್ಸಿಗೆ ತಿಪಟೂರಿಗೆ ಹೋಗಿದ್ದರು. ಸ್ಟ್ಯಾಂಡಿನ ಬೇರೆ ಗಾಡಿಗಳೆಲ್ಲ ಮದುವೆಗಳಿಗೆ ಹೋಗಿಬಿಟ್ಟಿದ್ದವು. ಚಾಚಾ ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಅಬ್ಬಾ ಮಧ್ಯಾಹ್ನದವರೆಗೂ ಕಾದರು. ಆಮೇಲೆ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಕುಣಿಗಲ್‌ಗೆ ಇನ್ನೊಂದು ಬಸ್ಸು ಹಿಡಿದು ಹೋದರು. ಅಷ್ಟು ಹೊತ್ತಿಗೆ ದಾದಿ ಹೋಗಿ, ಮಣ್ಣು ಕೊಟ್ಟೂ ಮುಗಿದಿತ್ತು. ಮಾರನೇ ದಿನ ಚಾಚಾ ಬಂದು, ಮರೆತು ರೋಟರ್ ಜೇಬಲ್ಲೇ ಉಳೀತು ಎಂದು ಗೋಳಾಡಿದರು. "ಡ್ರೈವರ್ ಆದೋನು ರೋಟರ್ ಮರೀತಾನೇನ್ಲಾ?" ಎಂದು ಅಬ್ಬಾ ಇಡೀ ಸ್ಟ್ಯಾಂಡಿನ ಮುಂದೆ ಕೂಗಿದ್ದು ನನಗಿನ್ನೂ ಕಿವಿಯಲ್ಲಿದೆ. ತಿಂಗಳೊಳಗೆ ಗಾಡಿ ಮಾರಿದರು. ಅಲ್ಲಿಗೆ ಮಾತೂ ನಿಂತಿತು.

ಇಷ್ಟೆಲ್ಲ ಗೊತ್ತಿದ್ದ ನನಗೆ ಅವತ್ತು ಆ ಗುಂಡಿಯ ಮೇಲೆ ಎಷ್ಟು ಸಿಟ್ಟು ಬಂದಿರಬೇಡ! ಹನ್ನೆರಡಾಗುತ್ತಾ ಬಂತು. ಬಸ್ಸಿಗೆ ಹೋಗೋಣ, ಇಲ್ಲಾ ಬಾಡಿಗೆ ಕಾರು ಕರೆಸುತ್ತೀನಿ ಎಂದೆ. ಅಬ್ಬಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು.

"ಅವತ್ತೂ ಬಸ್ಸಲ್ಲಿ ಹೋದೆ" ಅಂದರು. "ಇವತ್ತೂ ಅವನ ಮುಂದೆ ಬಸ್ಸಲ್ಲಿ ಹೋಗಿ ಇಳೀಲಾ? ಕಂಡೋರ ಗಾಡೀಲಿ ಹೋಗ್ಲಾ? ಬೇಡ ಬಿಡಮ್ಮಾ. ಹೋಗೋದು ಅಲ್ಲಾಹ್‌ಗೇ ಇಷ್ಟ ಇಲ್ಲ." ಅಷ್ಟು ಹೇಳಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಅಲ್ಲಾಹ್‌ನ ಮೇಲೆ ಹಾಕಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೀನಿ ಎಂದು ಅವರಿಗೆ ಗೊತ್ತು. ನಾನು ಮುಚ್ಚಿಕೊಳ್ಳಲಿಲ್ಲ. ಸತ್ಯಮಂಗಲದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಹಳೇ ವಿದ್ಯಾರ್ಥಿಗೆ ಫೋನ್ ಮಾಡಿದೆ. ಸಂಧಿಗೂ ಸಮಾಸಕ್ಕೂ ವ್ಯತ್ಯಾಸ ತಿಳಿಯದೆ ಮೂರು ವರ್ಷ ನನ್ನ ಜೀವ ತಿಂದವನು ಅವನು. ಈಗ ಇಬ್ಬರು ಮಕ್ಕಳ ತಂದೆ, ನನ್ನ ಕಾರಿನ ಸರ್ವಿಸೂ ಅವನದೇ.

"ಬರೋಕೆ ಮುಕ್ಕಾಲು ಗಂಟೆ ಆಗುತ್ತೆ ಮಿಸ್, ಒಂದ್ ಎಂಜಿನ್ ಬಿಚ್ಚಾಕ್ಕೊಂಡಿದೀನಿ" ಅಂದ. "ವಿಡಿಯೋ ಕಾಲ್ ಮಾಡಿ, ಇಲ್ಲಿಂದ್ಲೇ ನೋಡ್ತೀನಿ."

ಮಾಡಿದೆ. ಗ್ರೀಸ್ ಮೆತ್ತಿದ ಮುಖ ಕಂಡಿತು. ಗುಂಡಿ ಒತ್ತಿಸಿ ನೋಡಿದ, ಲೈಟು ನೋಡಿದ. "ಕೀ ಸರಿ ಇದೆ, ಬ್ಯಾಟ್ರಿನೂ ಸರಿ ಇದೆ. ಸ್ಟಾರ್ಟರ್‌ಗೆ ಕರೆಂಟೇ ಹೋಗ್ತಿಲ್ಲ ಮಿಸ್. ಬ್ಯಾಟ್ರಿ ಪಕ್ಕ ಒಂದ್ ಕಪ್ಪು ಡಬ್ಬಿ ಇದೆಯಲ್ಲಾ, ಅದ್ರ ಮುಚ್ಚಳ ತೆಗೀರಿ. ಫ್ಯೂಸ್ ಇರೋ ಡಬ್ಬಿ."

ತೆಗೆಯುವಾಗ ಒಂದು ಉಗುರು ಮುರಿಯಿತು. ಒಳಗೆ ಕೆಂಪು, ನೀಲಿ, ಹಳದಿ ಫ್ಯೂಸುಗಳು ಸಾಲಾಗಿ ಕೂತಿದ್ದವು. ಫೋನನ್ನು ಅದರ ಮೇಲೆ ಹಿಡಿದೆ.

"ಇನ್ನೂ ಹತ್ರ ಮಿಸ್. ಎಡಕ್ಕೆ... ನಿಲ್ಲಿ ನಿಲ್ಲಿ. ಅಲ್ಲೊಂದು ಮನೆ ಖಾಲಿ ಇದೆಯಲ್ಲಾ. ಸ್ಟಾರ್ಟರ್ ಫ್ಯೂಸೇ ಇಲ್ಲ!"

"ಸುಟ್ಟು ಹೋಗಿದೆಯಾ?"

"ಸುಟ್ಟಿದ್ರೆ ಅಲ್ಲೇ ಇರ್ತಿತ್ತು ಮಿಸ್. ಯಾರೋ ಕಿತ್ತವ್ರೆ."

ಕಿತ್ತವ್ರೆ! ನನಗೆ ತಲೆ ಕೆಟ್ಟುಹೋಯಿತು. ಯಾವ ಕೈಲಾಗದವನು, ಯಾವ ಮನೆಹಾಳ ನಮ್ಮ ಗೇಟಿನೊಳಗೆ ಬಂದು ಬಾನೆಟ್ ಎತ್ತಿದ್ದು, ಅವನ ಕೈ ಸೇದಿಹೋಗ ಎಂದು ಬೀದಿಯಲ್ಲೇ ನಿಂತು ಬಾಯಿಗೆ ಬಂದಂತೆ ಬೈದೆ. ಬ್ಯಾಂಕಿನವರು ಎರಡು ಹೆಜ್ಜೆ ಹಿಂದೆ ಸರಿದರು. ಫೋನಿನಲ್ಲಿ ನನ್ನ ವಿದ್ಯಾರ್ಥಿ ತಲೆ ತಗ್ಗಿಸಿದ್ದ. ಬೈದು ಸಾಕಾಗಿ ತಿರುಗಿದರೆ ಅಬ್ಬಾ ಕಟ್ಟೆಯಿಂದ ಎದ್ದು ನಿಂತಿದ್ದರು. ಅವರ ಬಲಗೈ ಜುಬ್ಬಾದ ಜೇಬಿನೊಳಗೆ ಏನನ್ನೋ ಹುಡುಕುತ್ತಿತ್ತು.

"ನಿನ್ನೆ ಹಾಕ್ಕೊಂಡಿದ್ದ ಜುಬ್ಬಾ ಎಲ್ಲಿ?" ಅಂದರು. ಧ್ವನಿ ಸಣ್ಣಗಾಗಿತ್ತು.

"ಬಕೆಟ್‌ನಲ್ಲಿ ನೆನೆಹಾಕಿದೀನಿ. ಯಾಕೆ?"

ಅವರು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಇಸ್ತ್ರಿ ಮಾಡಿದ ತೋಳು ಮಡಚದೆ ಸೋಪಿನ ನೊರೆಯೊಳಗೆ ಕೈ ಇಳಿಸಿದರು. ಹಳೇ ಜುಬ್ಬಾದ ಜೇಬು ಸಿಕ್ಕಿತು. ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಫ್ಯೂಸನ್ನು ಅಂಗೈಯಲ್ಲಿ ಹಿಡಿದು ನನ್ನ ಕಡೆ ಚಾಚಿದರು, ಆದರೆ ನನ್ನ ಮುಖ ನೋಡಲಿಲ್ಲ. ನಾನು ಅಷ್ಟು ಹೊತ್ತು ಬೈದ ಬೈಗುಳವೆಲ್ಲ ಯಾರಿಗೆ ಬಿತ್ತು ಎಂದು ಆಗ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಫ್ಯೂಸನ್ನು ಸೆರಗಿನಲ್ಲಿ ಒರೆಸಿ, ಬಾಯಲ್ಲಿ ಊದಿ, ನನ್ನ ವಿದ್ಯಾರ್ಥಿ ತೋರಿಸಿದ ಜಾಗಕ್ಕೆ ಒತ್ತಿದೆ. ಗುಂಡಿ ಒತ್ತಿದೆ. ಗಾಡಿ ಸ್ಟಾರ್ಟ್ ಆಯಿತು. ಹನ್ನೆರಡೂವರೆ ದಾಟಿತ್ತು. ಅಬ್ಬಾ ಟೋಪಿ ಹಾಕಿಕೊಂಡು, ಯಾರೂ ಹೇಳದೆ ಬಂದು ಪಕ್ಕದಲ್ಲಿ ಕೂತರು.

ಹೆಬ್ಬೂರು ದಾಟಿದ ಮೇಲೆ ಅವರೇ ಮಾತು ಶುರುಮಾಡಿದರು. ಕೀ ಹಾಕುವ ತೂತೇ ಇಲ್ಲದ ಗಾಡಿ, ಗುಂಡಿ ಒತ್ತಿದವನ ಪಾಲು ಎಂದು ಅವರಿಗೆ ಮೊದಲಿನಿಂದ ಅಂಜಿಕೆಯಂತೆ. ಹೋದ ವಾರ ಸರ್ವಿಸಿಗೆ ಬಂದ ಗ್ಯಾರೇಜಿನ ಹುಡುಗನನ್ನು, ಇದರಲ್ಲಿ ಏನು ಕಿತ್ತರೆ ಗಾಡಿ ಏಳಲ್ಲ ಎಂದು ಕೇಳಿ ತಿಳಿದುಕೊಂಡರಂತೆ. ನಿನ್ನೆ ಸಂಜೆ ಗೇಟಿಗೆ ಬೀಗ ಹಾಕಲು ನಾನು ಮರೆತಿದ್ದೆ. ಮಗಳು ಕಷ್ಟಪಟ್ಟು ತಂದ ಗಾಡಿ, ಬೆಳಿಗ್ಗೆ ಹಾಕಿಬಿಟ್ಟರಾಯಿತು ಎಂದು ಫ್ಯೂಸ್ ಕಿತ್ತು ಜೇಬಿಗಿಟ್ಟರಂತೆ. ಬೆಳಿಗ್ಗೆ ತಲೆತುಂಬ ಕುಣಿಗಲ್ಲೇ ಇತ್ತು.

"ಜ್ಞಾಪಕವೇ ಬರ್ಲಿಲ್ಲ ಕಣಮ್ಮಾ. ಪಕ್ಕದಲ್ಲೇ ಕೂತಿದ್ದೆ. ಬ್ಯಾಟ್ರಿ ಮುಟ್ದೆ, ಎಲ್ಲಾ ಮಾಡ್ದೆ. ಜ್ಞಾಪಕ ಬರ್ಲಿಲ್ಲ." ಒದ್ದೆ ತೋಳನ್ನು ಹಿಂಡಿಕೊಂಡರು. "ಅವನಿಗೆ ಏನೇನ್ ಅಂದೆ ನಾನು! ಡ್ರೈವರ್ ಆದೋನು ಮರೀತಾನಾ ಅಂದೆ. ಮರೀತಾನಮ್ಮಾ."

ನನಗೆ ಕಣ್ಣು ತುಂಬಿ ರಸ್ತೆ ಮಂಜಾಯಿತು. ಮುಂದೆ ಲಾರಿ ಇತ್ತು, ಅಳುವ ಪುರುಸೊತ್ತೂ ಇರಲಿಲ್ಲ.

ನಾವು ತಲುಪಿದಾಗ ಜೋಹರ್ ನಮಾಜ್ ಮುಗಿದಿತ್ತು. ಚಾಚಾನ ಮನೆ ಮುಂದೆ ವ್ಯಾನ್ ನಿಂತಿತ್ತು, ಬೀದಿ ತುಂಬ ಜನ. ಚಾಚಾ ಕೊರಳು ಕಾಣದಷ್ಟು ಹೂವಿನ ಹಾರ ಹಾಕಿಕೊಂಡು ಆಗಲೇ ಒಳಗೆ ಕೂತಿದ್ದರು. ಅಬ್ಬಾ ಕಾರಿನಿಂದ ಇಳಿದದ್ದನ್ನು ಕಂಡವರೇ, ಮಂಡಿ ನೋವನ್ನೂ ಮರೆತು ಇಳಿಯಲು ಹೋಗಿ ಬೀಳುವಂತಾದರು. ಅಬ್ಬಾ ಓಡಿ ಹಿಡಿದುಕೊಂಡರು. ಇಬ್ಬರೂ ತಬ್ಬಿಕೊಂಡು ನಿಂತರು. ಹಾರದ ಹೂವೆಲ್ಲ ನಡುವೆ ಸಿಕ್ಕಿ ಉದುರಿತು.

"ನೀನೇನೂ ಕೇಳ್ಬೇಡ ಕಣ್ಲಾ" ಅಂದರು ಅಬ್ಬಾ. "ಮರ್ತಿದ್ದಕ್ಕೆ ಅಷ್ಟು ದೊಡ್ಡ ಶಿಕ್ಷೆ ಕೊಟ್ಟೋನು ನಾನು. ನೀನೇ ನನ್ನ ಮಾಫ್ ಮಾಡು."

ಚಾಚಾನ ಮುಖ ಬಿಳಚಿಕೊಂಡಿತು. ಅಬ್ಬಾನ ಎರಡೂ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ನಾನು ಮರ್ತಿರ್ಲಿಲ್ಲ ಕಣೋ. ದುರ್ಗದ ಮದುವೆ ಟ್ರಿಪ್ ನಿನ್ ಪಾಳಿಗೆ ಬಂತಲ್ಲಾ ಅಂತ ಹೊಟ್ಟೆ ಉರೀತು. ಪಾರ್ಟಿ ಮುಂದೆ ನಿನ್ ಮರ್ಯಾದೆ ಹೋಗ್ಲಿ ಅಂತ ಬೇಕೂಂತ್ಲೇ ಜೇಬಿಗೆ ಹಾಕ್ಕೊಂಡ್ ಹೋದೆ. ಅಮ್ಮಂಗೆ ಹಂಗಾಗಿತ್ತು ಅಂತ ನಂಗೊತ್ತಿರ್ಲಿಲ್ಲ, ಅಲ್ಲಾಹ್ ಆಣೆ. ಇದನ್ನ ಹೇಳ್ದೆ ಹೋಗೋಕಾಗಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದವರೆಗೂ ಟೀ ಅಂಗಡಿಯ ಬೆಂಚಿನ ಮೇಲೆ ರಸ್ತೆ ನೋಡುತ್ತಾ ಕೂತಿದ್ದ ಅಬ್ಬಾನನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಮದುವೆ ಟ್ರಿಪ್‌ಗೋಸ್ಕರವೇ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅಬ್ಬಾ ನನ್ನ ಕಡೆ ತಿರುಗದೆಯೇ ಕೈ ಅಡ್ಡ ಹಿಡಿದರು. ಚಾಚಾನ ಹೆಗಲಿಗಂಟಿದ್ದ ಹೂವಿನ ಎಸಳು ಕೊಡವಿದರು. ವ್ಯಾನಿನ ಡ್ರೈವರ್ ಹಾರ್ನ್ ಹೊಡೆದ.

"ಇಲ್ಲ ಕಣ್ಲಾ" ಅಂದರು. "ನೀನು ಮರ್ತಿದ್ದೆ. ನಿಂಗೆ ವಯಸ್ಸಾಯ್ತು, ಜ್ಞಾಪಕ ಇಲ್ಲ. ಗಾಡಿ ಹತ್ತು, ಹೊತ್ತಾಗುತ್ತೆ. ಅಲ್ಲಿ ನಂಗೂ ಒಂದ್ ದುವಾ ಮಾಡು."

ತಾವೇ ಚಾಚಾನ ತೋಳು ಹಿಡಿದು ವ್ಯಾನಿಗೆ ಹತ್ತಿಸಿದರು. ಬಾಗಿಲನ್ನೂ ತಾವೇ ಎಳೆದು ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ತಟ್ಟಿ ನೋಡಿದರು. ವ್ಯಾನ್ ತಿರುವಿನಲ್ಲಿ ಮರೆಯಾಗುವವರೆಗೂ ಚಾಚಾ ಕಿಟಕಿಯಿಂದ ಮುಖ ಹೊರಗಿಟ್ಟು ಅಳುತ್ತಲೇ ಇದ್ದರು.

ಕಾರಿನಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. "ಅವರು ಹೇಳಿದ್ದು ಕೇಳಿಸ್ಲಿಲ್ವಾ ಅಬ್ಬಾ?" ಎಂದೆ. ಅವರು "ಖಬರಸ್ತಾನದ ಹತ್ರ ಒಂದು ನಿಮಿಷ ನಿಲ್ಲಿಸು" ಅಂದರು.

ಹೆಂಗಸರು ಒಳಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ನಾನು ಗೇಟಿನ ಬಳಿ ನಿಂತೆ. ದಾದಿಯ ಗೋರಿ ಗೇಟಿಗೆ ಹತ್ತಿರದಲ್ಲೇ ಇದೆ. ಅಬ್ಬಾ ಫಾತಿಹಾ ಓದಿದರು, ಕೈ ಮುಖಕ್ಕೆ ಸವರಿಕೊಂಡರು, ಆಮೇಲೆ ಕಷ್ಟಪಟ್ಟು ಮಂಡಿಯೂರಿ ಗೋರಿಯ ತಲೆಯ ಕಡೆಗೆ ಬಾಗಿದರು. ಅವರು ಹೇಳಿದ್ದು ಉರ್ದುವಿನಲ್ಲಿ.

"ಅಮ್ಮೀ, ಅವನು ಬೇಕೂಂತ ಮಾಡಿದ್ದಲ್ಲ. ಕೇಳಿಕೊಂಡು ಬಂದೆ. ಮರೆತಿದ್ದನಂತೆ."